ಹತ್ತನೆಯ ಮರಿ

ಕುಂಬಳಕಾಯಿಯ ತೊಟ್ಟು ಇನ್ನೂ ಹಸಿರಾಗಿಯೇ ಇದೆ, ನಿನ್ನೆ ಸಂಜೆ ಕಿತ್ತಿರಬೇಕು, ಉಪದೇಶಿ ಅಜ್ಜಪ್ಪನವರು ಅದನ್ನು ಎರಡು ಕೈಯಲ್ಲಿ ಎತ್ತಿ ಜನಕ್ಕೆ ತೋರಿಸುವಾಗ ತೊಟ್ಟಿನ ಬುಡದಿಂದ ಒಂದು ಇರುವೆ ಹೊರಟು ಅವರ ಮುಂಗೈ ಹತ್ತುತ್ತಿದೆ, ಅವರಿಗೆ ಅದರ ಪರಿವೆಯಿಲ್ಲ, ಎಂಟಾಣೆ ಒಂದು ಸಲ, ಹತ್ತಾಣೆ ಒಂದು ಸಲ ಎಂದು ಕೂಗುತ್ತಲೇ ಇದ್ದಾರೆ — ಆ ಇರುವೆ ಈಗ ಯಾರದು, ಕುಂಬಳಕಾಯಿ ಬೆಳೆದವರದೋ, ದೇವರದೋ, ಹತ್ತಾಣೆಗೆ ಕೂಗಿದವರದೋ. ಹೀಗೆಲ್ಲ ಯೋಚಿಸುತ್ತೀನೆಂದೇ ಕೊಟ್ರವ್ವನವರು ನಗುತ್ತಾರೆ, ನಿನ್ನ ತಲೆ ಕೋಳಿ ಕಾಲಿದ್ದಂಗೆ ಕಣವ್ವ ಕರಿಯವ್ವ, ಸುಮ್ಮನಿದ್ದ ನೆಲಾನೂ ಕೆದಕತೈತೆ. ಅವರು ಮನೆಮನೆಗೆ ಬಂದು ಹೆಂಗಸರಿಗೆ ವಾಕ್ಯ ಓದಿ ಹೇಳುವವರು, ಈಗ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದಾರೆ, ಹರಿಹರದ ಕ್ರೈಸ್ತ ಸಭೆಯ ಗುಡಿಯಂಗಳದ ಈ ಬೇವಿನ ನೆರಳು ಇಬ್ಬರಿಗೂ ಸಾಲುತ್ತಿಲ್ಲ, ಅವರು ಸರಿದು ಸರಿದು ನನಗೇ ಕೊಡುತ್ತಿದ್ದಾರೆ. ಕಾಣಿಕೆ ಹರಾಜು ಹಾಕುವ ಈ ಸುಗ್ಗಿ ಹಬ್ಬ ಒಂದು ವರ್ಷ ದಾವಣಗೆರೆಯಲ್ಲಿ, ಒಂದು ವರ್ಷ ಇಲ್ಲಿ, ಎರಡೂ ಊರಿನ ಸಭೆಗೆ ಒಬ್ಬರೇ ಪಾದ್ರಿ ಅಯ್ಯನವರು ತಾನೆ, ಬೆಳಗಿನ ರೈಲಿನಲ್ಲಿ ಬರುವಾಗ ಟಿಕೆಟು ನೋಡುವವನು ನನ್ನ ಬುಟ್ಟಿಯ ಬಟ್ಟೆ ಎತ್ತಿ ಇದಕ್ಕೆ ಟಿಕೆಟು ಎಲ್ಲಿ ಅಂದ, ಇದು ದೇವರ ಕೋಳಿರಿ ಅಂದೆ, ಹಂಗಾದ್ರೆ ದೇವರಿಗೆ ಪಾಸ್ ಇರತೈತೆ ಬಿಡು ಎಂದು ಹೋದ. ದೇವರ ಕೋಳಿ. ಅದು ಈಗ ನನ್ನ ಮಡಿಲಲ್ಲಿ ಬೆಚ್ಚಗೆ ಕೂತಿದೆ, ಜೀವವಿರುವುದನ್ನು ತಂದವರೇ ಹಿಡಿದುಕೊಂಡಿರಬೇಕಂತೆ, ಸರದಿ ಬಂದಾಗ ಕೊಡಬೇಕಂತೆ, ಅದರ ಎದೆ ಬಡಿತ ನನ್ನ ಹೊಟ್ಟೆಗೆ ತಾಗುತ್ತಿದೆ, ಸೀರೆಯ ನೆರಿಗೆಯಿಂದ ಒಂದು ಕಾಲು ಹೊರಗೆ ಬಂದಿದೆ, ಆ ಕಾಲಿನಲ್ಲಿ ಕೆಂಪು ದಾರ. ಇದರ ಸರದಿ ಬಂದು, ಇನ್ನೊಬ್ಬರು ಕೂಗಿಕೊಂಡು ಹೋದರೆ, ನಾಳೆಯಿಂದ ಮನೆಯಲ್ಲಿ ಮೊಟ್ಟೆಯಿಲ್ಲ, ಮೊಟ್ಟೆಯಿಲ್ಲವೆಂದರೆ ಕೆಂಚಣ್ಣನಿಗೆ — ಗಂಡನ ಹೆಸರನ್ನು ಬಾಯಲ್ಲಿ ಹಿಡಿಯಬಾರದು, ಮನಸ್ಸಿನಲ್ಲಿ ಹಿಡಿದರೆ ಯಾರು ಕೇಳುತ್ತಾರೆ, ಕೆಂಚಣ್ಣ, ಕೆಂಚಣ್ಣ — ಅವನ ಎದೆಗೆ ಆಸರೆಯಿಲ್ಲ.

ಕುಂಬಳಕಾಯಿ ಹೋಯಿತು, ಈಗ ಅವರೆಕಾಯಿಯ ಕುಕ್ಕೆ. ಕೊಟ್ರವ್ವನವರು ನನಗೆ ಡಬ್ಬಿಗಳ ಲೆಕ್ಕ ಹೇಳಿಕೊಟ್ಟದ್ದೂ ಅವರೆಕಾಯಿ ಸುಲಿಯುತ್ತಲೇ, ದಾವಣಗೆರೆಯ ಆನೆಕೊಂಡದ ನಮ್ಮ ಮನೆಯ ಹೊಸ್ತಿಲಲ್ಲಿ ಕೂತು, ಮದುವೆಯಾದ ಹೊಸತು, ಗಿರಣಿಯ ಬಟವಾಡೆ ಬಂದ ನಾಲ್ಕು ದಿನಕ್ಕೆ ಕೈ ಖಾಲಿ, ಎಲ್ಲಿ ಹೋಯಿತೆಂದು ಇಬ್ಬರಿಗೂ ಗೊತ್ತಿಲ್ಲ, ಆಗ ಅವರು ಸಿಪ್ಪೆಯನ್ನು ನಾಲ್ಕು ಗುಡ್ಡೆ ಮಾಡಿ ತೋರಿಸಿದರು. ಮೊದಲು ದೇವರ ಡಬ್ಬಿ, ಆಮೇಲೆ ಮನೆ ಡಬ್ಬಿ, ಆಮೇಲೆ ಬೇನೆ ಡಬ್ಬಿ, ಕೊನೆಗೆ ಬಿತ್ತನೆ ಡಬ್ಬಿ ಅಂದರೆ ಬರುವ ವರ್ಷಕ್ಕೆ, ಒಂದರಾಗಿಂದು ಇನ್ನೊಂದಕ್ಕೆ ಸಾಲ ಕೊಡಬ್ಯಾಡ, ಡಬ್ಬಿ ಡಬ್ಬಿ ಮಾತಾಡಿಕೊಂಡ್ವು ಅಂದ್ರ ನೀನು ಕೆಟ್ಟಿ ಅಂತ ತಿಳಕೋ. ದೇವರಿಗೆ ಹತ್ತರಲ್ಲಿ ಒಂದು. ಮೊದಮೊದಲು ಅದೇ ದೊಡ್ಡ ಕಷ್ಟ, ರೂಪಾಯಿಗೆ ಹದಿನಾರಾಣೆ, ಹದಿನಾರಾಣೆಯ ಹತ್ತನೆಯ ಒಂದು ಪಾಲೆಂದರೆ ಒಂದಾಣೆ ಏಳು ಪೈ ಮೇಲೆ ಇನ್ನೊಂದಿಷ್ಟು, ಆ ಇನ್ನೊಂದಿಷ್ಟನ್ನು ಎಲ್ಲಿಂದ ಕತ್ತರಿಸಿ ತರುವುದು, ದೇವರಿಗೆ ಕಡಿಮೆಯಾಗಬಾರದೆಂದು ಎರಡಾಣೆ ಹಾಕಿದರೆ ಕೆಂಚಣ್ಣ ನಗುತ್ತಿದ್ದ, ನಿಮ್ಮ ದೇವರಿಗೆ ಚಿಲ್ಲರೆ ವಾಪಸ್ ಕೊಡೋ ಅಭ್ಯಾಸ ಇಲ್ಲೇನು. ಹೊಸ ಪೈಸೆ ಬಂದಾಗ ಬಜಾರೆಲ್ಲ ಬೈದುಕೊಂಡಿತು, ನನಗೆ ಮಾತ್ರ ಖುಷಿ, ರೂಪಾಯಿಗೆ ಹತ್ತು ಪೈಸೆ, ಮುಗಿಯಿತು, ಸರ್ಕಾರದವರು ನನ್ನ ಡಬ್ಬಿ ನೋಡಿಯೇ ಮಾಡಿದಂತೆ. ಕೆಂಚಣ್ಣ ನಮ್ಮ ಸಭೆಗೆ ಸೇರಿದವನಲ್ಲ. ನನ್ನ ಸೋದರತ್ತೆಯ ಮಗ, ಕೊಕ್ಕನೂರಿನಲ್ಲಿ ನಮ್ಮವ್ವ ದೀಕ್ಷಾಸ್ನಾನ ತಗೊಂಡಳು, ಅತ್ತೆ ತಗೊಳ್ಳಲಿಲ್ಲ, ಮದುವೆ ಮಾತ್ರ ಮೊದಲೇ ಆಡಿದ ಮಾತು, ಮುರಿಯುವುದು ಹೇಗೆ. ನಮ್ಮ ಮನೆಯಲ್ಲಿ ಗೂಡಿನಲ್ಲಿ ನನ್ನ ದೇವರ ಡಬ್ಬಿ, ಅದರ ಮೇಲೆಯೇ ತೊಲೆಗೆ ಕಟ್ಟಿದ ಅವನ ಉಚ್ಚೆಂಗೆಮ್ಮನ ಮುಡಿಪು, ಅರಿಸಿನ ಬಟ್ಟೆಯಲ್ಲಿ ಗಂಟು ಹಾಕಿದ ಕಾಸು, ಹರಕೆಯದು, ಅದನ್ನು ನಾನು ಮುಟ್ಟುವುದಿಲ್ಲ, ಇದನ್ನು ಅವನು ಮುಟ್ಟುವುದಿಲ್ಲ, ಸುಣ್ಣ ಬಳಿಯುವ ದಿನ ಕೂಡ ಅವರವರದನ್ನು ಅವರವರೇ ಇಳಿಸುತ್ತೇವೆ.

ಕಾಸಿಗೆ ಹತ್ತರಲ್ಲಿ ಒಂದು ಗೊತ್ತಾಯಿತು, ಕೋಳಿಗೆ? ಅವ್ವ ಕೊಟ್ಟ ಮೊಟ್ಟೆ ತಂದು ಕಾವಿಗಿಟ್ಟಾಗ ಹತ್ತು ಮರಿಯಾದವು, ಸರಿಯಾಗಿ ಹತ್ತು, ನನಗೆ ಮೈ ಜುಂ ಅಂದಿತು, ಹತ್ತರಲ್ಲಿ ಯಾವುದು ಹತ್ತನೆಯದು, ಓಡಾಡುವ ಮರಿಗಳನ್ನು ಯಾವ ಕಡೆಯಿಂದ ಎಣಿಸುವುದು, ಎಣಿಸಿದಾಗೆಲ್ಲ ಬೇರೆ ಮರಿಯೇ ಹತ್ತನೆಯದಾಗುತ್ತಿತ್ತು, ಹಾಗಾದರೆ ದೇವರ ಪಾಲು ದಿನಕ್ಕೊಂದು ಮರಿಯಾಗಿ ಬದಲಾಗುತ್ತದೆಯೇ. ಕೊನೆಗೆ, ಎಲ್ಲಕ್ಕಿಂತ ಕೊನೆಗೆ ಚಿಪ್ಪೊಡೆದು ಬಂದದ್ದು, ಒದ್ದೆ ಒದ್ದೆಯಾಗಿ ತೂಕಡಿಸುತ್ತಿದ್ದದ್ದು, ಅದೇ ಹತ್ತನೆಯದೆಂದು ಹಳೆಯ ಸೀರೆಯ ಅಂಚಿನಿಂದ ಕೆಂಪು ದಾರ ಎಳೆದು ಕಾಲಿಗೆ ಕಟ್ಟಿದೆ. ಕೊಟ್ರವ್ವನವರು ಬಂದು ನೋಡಿ ಅಯ್ಯೋ ಅಂದರು, ಕೊನೇದಲ್ಲ ಕಣವ್ವ, ಪ್ರಥಮ ಫಲ ಅಂದ್ರ ಮೊದಲನೇದು. ಮೊದಲನೆಯದು ನನಗೆ ಗೊತ್ತಿತ್ತು, ನೆತ್ತಿಯ ಮೇಲೆ ಕಪ್ಪು ಚುಕ್ಕೆಯದು, ಅದನ್ನು ಹದ್ದು ಆವತ್ತು ಮಧ್ಯಾಹ್ನವೇ ಎತ್ತಿಕೊಂಡು ಹೋಗಿತ್ತು. ಹಾಗಾದರೆ ದೇವರು ತನ್ನ ಪಾಲನ್ನು ತಾನೇ ಬಂದು ತಗೊಂಡ ಹಾಗಾಯಿತಲ್ಲ ಅಂದೆ. ಅವರು, ಹದ್ದಿನ ಕೈಯಾಗ ಕಾಣಿಕೆ ಕಳಿಸಿದವರು ಯಾರೂ ಇಲ್ಲ, ದಾರ ಕಟ್ಟಿದ್ದಕ್ಕೇ ಇರಲಿ ಅಂದರು. ಆಮೇಲೆ ಇನ್ನೆರಡು ಹದ್ದಿಗೆ, ಒಂದು ಬೆಕ್ಕಿಗೆ, ಬೇನೆ ಬಂದು ತೂಗಿ ತೂಗಿ ಸತ್ತವು ಕೆಲವು, ಒಂದು ಅತ್ತೆ ಬಂದಾಗ ಸಾರಾಯಿತು, ಉಳಿದದ್ದು ಕೆಂಪು ದಾರದ್ದೊಂದೇ. ಹದ್ದಿಗೂ ಲೆಕ್ಕ ಗೊತ್ತೈತೆ ಕಣೇ, ನಮ್ಮವನ್ನೇ ಎತ್ತತೈತೆ, ದೇವರದ್ದಕ್ಕೆ ಬಾಯಿ ಹಾಕಲ್ಲ ಎಂದು ಕೆಂಚಣ್ಣ ಹೊಟ್ಟೆ ಹಿಡಿದು ನಕ್ಕ. ನಕ್ಕ, ಆಗ ಅವನಿಗೆ ನಗುವಷ್ಟು ಉಸಿರಿತ್ತು. ನಾನು ನಗಲಿಲ್ಲ, ನನಗೆ ನಿಜವಾಗಿಯೂ ತಿಳಿಯಬೇಕಿತ್ತು, ಒಂಬತ್ತೂ ಹೋದ ಮೇಲೆ ಉಳಿದದ್ದು ಹತ್ತನೆಯ ಪಾಲೋ, ಪೂರ್ತಿಯೋ. ಅಯ್ಯನವರನ್ನೇ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಕೋಲಿನ ಕೆಳಗೆ ಹಾದುಹೋದ ಮಂದೆಯಲ್ಲಿ ಹತ್ತನೆಯದು ಪರಿಶುದ್ಧ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಬಾರದು, ಅದರ ಬದಲಿಗೆ ಇನ್ನೊಂದು ತರಬಾರದು ಎಂದರು. ಅಷ್ಟು ಹೇಳಿ ನನ್ನ ಮುಖ ನೋಡಿ ಮೆಲ್ಲಗೆ, ಸುಗ್ಗಿ ಹಬ್ಬದವರೆಗೆ ನೀನೇ ಸಾಕಮ್ಮ ಎಂದರು.

ಅವರೆಕಾಯಿ ಗುತ್ತೂರಿನ ಗುತ್ತೇದಾರ ಗುತ್ತೆಪ್ಪನವರಿಗೇ ಹೋಯಿತು, ಅವರು ಯಾವಾಗಲೂ ಎಲ್ಲವನ್ನೂ ಕೂಗುತ್ತಾರೆ, ಹೋದ ಸಲ ಎರಡು ಹುಂಜ ಕೂಗಿ ಅವತ್ತೇ ಮಧ್ಯಾಹ್ನ ಸಾರು ಮಾಡಿಸಿ ಸಭೆಯವರಿಗೂ ಊಟ ಹಾಕಿದರು, ನಾನೂ ಉಂಡಿದ್ದೆ, ರುಚಿಯಾಗಿತ್ತು, ಆಗ ಹುಂಜ ಯಾರ ಮಡಿಲಲ್ಲಿ ಕೂತು ಬಂದಿತ್ತೆಂದು ನಾನು ಕೇಳಲಿಲ್ಲ. ಈಗ ಕೇಳಬೇಕೆನಿಸುತ್ತಿದೆ. ಮಳೆಗಾಲಕ್ಕೆ ಮೊದಲು ಕೆಂಚಣ್ಣನಿಗೆ ಕೆಮ್ಮು ಹಿಡಿಯಿತು, ಗಿರಣಿಯ ಹತ್ತಿ ಬಿಡಿಸುವ ಖಾತೆಯಲ್ಲಿ ಕೆಲಸ, ಮೀಸೆ ಹುಬ್ಬೆಲ್ಲ ಬೆಳ್ಳಗಾಗಿ ಮನೆಗೆ ಬರುತ್ತಿದ್ದ, ಮುದುಕಪ್ಪ ಬಂದ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ, ಆ ಧೂಳು ಒಳಗೂ ಇಳಿಯುತ್ತದೆಂದು ಯಾರಿಗೆ ಗೊತ್ತು. ಎರಡು ಚಿಕ್ಕ ಕೆಮ್ಮು, ಒಂದು ತಡೆ, ಆಮೇಲೆ ಎದೆಯ ತಳದಿಂದ ಬರುವ ಉದ್ದನೆಯದು — ಊರ ತುಂಬ ಜನ ಕೆಮ್ಮಿದರೂ ಅವನದನ್ನು ನಾನು ಹೆಕ್ಕಿ ತೆಗೆಯಬಲ್ಲೆ. ಡಾಕ್ಟರು ದಿನಾ ಒಂದು ಮೊಟ್ಟೆ ಅಂದರು, ಆರು ತಿಂಗಳು ತಪ್ಪಿಸಬೇಡಿ ಅಂದರು, ಆ ವಾರವೇ ದಾರದ ಕೋಳಿ ಮೊದಲ ಮೊಟ್ಟೆ ಇಟ್ಟಿತು. ನಾನು ಮೊಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತೆ, ಬಿಸಿಯಾಗಿತ್ತು, ಕೋಳಿ ದೇವರದಾದರೆ ಮೊಟ್ಟೆ ಯಾರದು. ಮಂದೆ ಕಾಯೋನು ಅದರ ಹಾಲು ಕುಡೀದೆ ಇರ್ತಾನೇನು, ನೀನು ಸಾಕ್ತಿ, ನೀನು ತಗೋ ಎಂದು ಕೊಟ್ರವ್ವನವರು ತೀರ್ಪು ಕೊಟ್ಟರು, ಆ ವಾಕ್ಯ ಹುಡುಕಲು ಅವರಿಗೆ ಎಷ್ಟು ಪುಟ ತಿರುವಬೇಕಾಯಿತೋ, ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂತು. ದಿನಾ ಬೆಳಿಗ್ಗೆ ಅವನು ಮೊಟ್ಟೆ ಕುಡಿದು, ನಿಮ್ಮ ದೇವರು ಋಣಕ್ಕೆ ಹಾಕ್ತಿದಾನೆ ನನ್ನ ಅನ್ನುತ್ತಿದ್ದ. ಕೆಮ್ಮು ಇಳಿಯಿತು, ಪೂರ್ತಿಯಲ್ಲ, ಮೆಟ್ಟಿಲು ಹತ್ತುವಷ್ಟು ಇಳಿಯಿತು. ಅವನು ಉಚ್ಚೆಂಗೆಮ್ಮನಿಗೂ ಹರಕೆ ಹೊತ್ತ, ಉಸಿರು ಕೊಟ್ಟರೆ ಗುಡ್ಡ ಹತ್ತಿ ಬಂದು ಒಪ್ಪಿಸುತ್ತೇನೆಂದು ಮುಡಿಪಿಗೆ ವಾರವಾರ ಕಾಸು ಸೇರಿಸಿದ, ನನ್ನೆದುರಿಗೆ ಅಲ್ಲ, ನಾನು ನೀರಿಗೆ ಹೋದಾಗ, ಬಂದಾಗ ಗಂಟು ಮಾತ್ರ ತೂಗುತ್ತಿರುತ್ತಿತ್ತು. ಆ ದಿನಗಳಲ್ಲೇ ನನಗೆ ಆಸೆ ಬಂದದ್ದು, ಸುಳ್ಳು ಯಾಕೆ ಹೇಳಲಿ, ಬಹಳ ಆಸೆ ಬಂತು, ದಾರ ಎಲ್ಲೋ ಬಿದ್ದುಹೋಯಿತು ಅಂದರೆ ಯಾರು ಕೇಳುತ್ತಾರೆ, ದಾರವಿಲ್ಲದ ಕೋಳಿ ಬರೀ ಕೋಳಿ. ಹಾಗೆ ಅನ್ನಿಸಿದ ದಿನವೇ ಕೋಳಿಯನ್ನು ಹಿಡಿದು, ಬೆಳೆದಂತೆ ಸಡಿಲಿಸುತ್ತ ಬಂದಿದ್ದ ದಾರವನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದೆ, ಗಂಟಿನ ಮೇಲೆ ಗಂಟು, ಹಲ್ಲಿನಿಂದ ಎಳೆದು ಬಿಗಿದೆ, ನನ್ನ ಕೈಯಿಂದಲೇ ಬಿಚ್ಚಲಾಗದ ಹಾಗೆ. ಅದು ಕಾಲೆಳೆದುಕೊಂಡು ಸ್ವಲ್ಪ ದಿನ ಕುಂಟಿತು, ಆಮೇಲೆ ಅದಕ್ಕೇ ಒಗ್ಗಿಹೋಯಿತು.

ಈಗ ಮೊಟ್ಟೆ ಬಂದಿದೆ ಹರಾಜಿಗೆ, ಒಂದೇ ಒಂದು ಮೊಟ್ಟೆ, ಯಾರೋ ಬಡವರು ತಂದದ್ದು, ಅದನ್ನು ಅಂಗೈಯಲ್ಲಿಟ್ಟು ಅಜ್ಜಪ್ಪನವರು ಕೂಗುತ್ತಾರೆ, ನಾಲ್ಕಾಣೆ, ಗುತ್ತೆಪ್ಪನವರದಾಯಿತು, ದೇವರಿಗೋ ಮನೆಗೋ ಎಂದು ಅಜ್ಜಪ್ಪನವರು ಕೇಳುತ್ತಾರೆ, ಅದು ಇಲ್ಲಿನ ಪದ್ಧತಿ, ಕೊಂಡವರು ಮನೆಗೆ ಅಂದರೆ ಒಯ್ಯಬಹುದು, ದೇವರಿಗೆ ಅಂದರೆ ದುಡ್ಡೂ ಕೊಟ್ಟು ವಸ್ತುವನ್ನೂ ಬಿಟ್ಟಂತೆ, ಅದು ಮತ್ತೆ ಹರಾಜಿಗೆ ನಿಲ್ಲುತ್ತದೆ. ದೇವರಿಗೆ ಅಂದರು. ಮತ್ತೆ ಕೂಗು, ಮತ್ತೆ ಇನ್ನೊಬ್ಬರು, ಮತ್ತೆ ದೇವರಿಗೆ. ಒಂದು ಮೊಟ್ಟೆ ಎಲ್ಲಿಗೂ ಹೋಗದೆ ಅಲ್ಲೇ ಕೂತು ಇಷ್ಟೆಲ್ಲ ದುಡಿಯುತ್ತದಲ್ಲ, ನನ್ನ ಕೋಳಿಯ ಮೊಟ್ಟೆಗಳು ಒಬ್ಬನ ಹೊಟ್ಟೆಗೆ ಹೋಗಿ ಮುಗಿದವು, ಕಾಣಿಕೆ ಪೆಟ್ಟಿಗೆಗೆ ಒಂದು ಪೈಸೆ ತರಲಿಲ್ಲ, ಎರಡರಲ್ಲಿ ಯಾವುದು ದೇವರ ಕೆಲಸ ಮಾಡಿತು. ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತೇನೆ, ಬೇನೆ ಡಬ್ಬಿಯ ಐದು ರೂಪಾಯಿ ಇದೆ. ರೈಲಿನಲ್ಲೇ ಕೊಟ್ರವ್ವನವರಿಗೆ ಹೇಳಿದೆ, ಕೊಟ್ಟದ್ದನ್ನು ನಾನೇ ಕೂಗಿ ಕೊಳ್ಳಬಹುದಾ, ಬದಲಿ ತರಬಾರದು ಅಂದರು ಅಯ್ಯನವರು, ಅದನ್ನೇ ತರಬಾರದು ಅನ್ನಲಿಲ್ಲವಲ್ಲ. ಅವರು ಹರಿಹರದ ಸ್ಟೇಷನ್ನು ಕಾಣುವವರೆಗೂ ಯೋಚಿಸಿ, ಕೊಡೋದು ಕೊಟ್ಟಾತು, ಕೊಟ್ಟಮ್ಯಾಲೆ ಅದು ಸಂತೆ, ಸಂತ್ಯಾಗ ಯಾರು ಬೇಕಾದ್ರೂ ಕೊಳ್ಳಬೌದು, ಆದ್ರ ಬೇನೆ ಡಬ್ಬಿ ದಾಟಬ್ಯಾಡ ನೋಡು ಅಂದರು. ಸಂತೆಯಲ್ಲಿ ಎರಡು ರೂಪಾಯಿಗೆ ಕೋಳಿ ಸಿಗುತ್ತದೆ, ನನಗೆ ಗೊತ್ತಿಲ್ಲವೇ, ಆದರೆ ಮೊಟ್ಟೆಯಿಡುವ ಕೋಳಿಯನ್ನು ಸಂತೆಗೆ ತರುವ ಹುಚ್ಚರು ಯಾರು, ಬರುವುದೆಲ್ಲ ಮೊಟ್ಟೆಯಿಡುವುದು ನಿಲ್ಲಿಸಿದ್ದೇ. ನಾನು ಕೂಗಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ನೀವೇ ಕೂಗ್ರಿ ಅಂದಿದ್ದೇನೆ, ಅವರ ಗಂಟಲು ಹಾಡಿ ಹಾಡಿ ಪಳಗಿದ್ದು. ಅಜ್ಜಪ್ಪನವರು ಕೈ ಚಾಚಿದರು. ಕೊಡುತ್ತೇನೆ. ಮಡಿಲು ತಣ್ಣಗಾಯಿತು.

ಒಂದು ರೂಪಾಯಿ, ಎರಡು, ಗುತ್ತೆಪ್ಪನವರು ಎರಡೂವರೆ, ಕೊಟ್ರವ್ವನವರು ಮೂರು, ಗುತ್ತೆಪ್ಪನವರು ಮೀಸೆ ಒರೆಸಿಕೊಂಡು ಮೂರೂವರೆ, ಕೊಟ್ರವ್ವನವರು ನಾಲ್ಕು, ಈ ದುಡ್ಡಿಗೆ ಎರಡು ಕೋಳಿ ಬರ್ತಾವಲ್ರವ್ವ ಎಂದು ಗುತ್ತೆಪ್ಪನವರು ನಗುತ್ತ ಕೈಬಿಟ್ಟರು, ನನ್ನ ಎದೆ ಹಗುರವಾಯಿತು, ನಾಲ್ಕು ರೂಪಾಯಿ ಒಂದು ಸಲ, ನಾಲ್ಕು ರೂಪಾಯಿ ಎರಡು ಸಲ — ನಾಲ್ಕೂವರೆ. ಹಿಂದಿನಿಂದ, ಗೋಡೆಯ ಕಡೆಯಿಂದ, ಗಂಡಸರ ಗುಂಪಿನ ಆಚೆ, ಯಾರದು ಈ ದನಿ, ನಮ್ಮ ಸಭೆಯಲ್ಲಿ ಇಂಥ ದನಿ ಇಲ್ಲ. ಕೊಟ್ರವ್ವನವರು ನನ್ನ ಮುಖ ನೋಡಿ ಐದು ಅಂದರು. ಸವಾ ಐದು ಎಂದಿತು ಆ ದನಿ, ಜನ ನಕ್ಕರು, ಯಾರೋ ಸಾಹೇಬರು ನಮ್ಮ ಹರಾಜಿಗೆ ಬಂದಿದ್ದಾರಲ್ಲ ಎಂದು ಯಾರೋ ಅಂದರು, ಬಿರಿಯಾನಿ ಹೋಟೆಲಿನವರಿರಬೇಕು ಎಂದು ಇನ್ನೊಬ್ಬರು. ಬಿರಿಯಾನಿ. ಇನ್ನು ನನ್ನಲ್ಲಿರುವುದು ವಾಪಸ್ ರೈಲಿನ ಚಾರ್ಜು, ಅದು ಮನೆ ಡಬ್ಬಿಯದು, ಡಬ್ಬಿ ಡಬ್ಬಿ ಮಾತಾಡಬಾರದು, ಆದರೆ ಕಾಲಿವೆ, ಹಳಿಯ ಪಕ್ಕದಲ್ಲಿ ನಡೆದರೆ ಕತ್ತಲಾಗುವುದರೊಳಗೆ ದಾವಣಗೆರೆ, ಐದೂವರೆ ಅನ್ರಿ ಅಂದೆ, ಅವರು ಹುಬ್ಬು ಗಂಟಿಕ್ಕಿದರು, ಅನ್ರಿ ಅವ್ವ ಎಂದೆ, ಐದೂವರೆ ಅಂದರು. ಆರು. ಆ ದನಿ ತಡೆಯಲೇ ಇಲ್ಲ. ಆರು ರೂಪಾಯಿ ಒಂದು ಸಲ. ಕೊಟ್ರವ್ವನವರು ನನ್ನ ಕೈ ಹಿಡಿದರು. ಎರಡು ಸಲ. ಕೋಳಿ ಅಜ್ಜಪ್ಪನವರ ಕೈಯಲ್ಲಿ ತಲೆಕೆಳಗಾಗಿ ತೂಗುತ್ತಿದೆ, ಕಾಲು ಮೇಲೆ, ಕಾಲಿನಲ್ಲಿ ಕೆಂಪು ದಾರ, ಮೂರು ಸಲ, ಆಯಿತು, ದೇವರಿಗೋ ಮನೆಗೋ ಸಾಹೇಬರೆ. ಸಾಹೇಬರಿಗೆ ಪ್ರಶ್ನೆ ತಿಳಿಯಲಿಲ್ಲ, ಅವರು ಹಿಂದೆ ತಿರುಗಿ ಯಾರನ್ನೋ ಕೇಳುತ್ತಿದ್ದಾರೆ, ಆಗ — ಎರಡು ಚಿಕ್ಕ ಕೆಮ್ಮು, ಒಂದು ತಡೆ, ಆಮೇಲೆ ಎದೆಯ ತಳದಿಂದ ಉದ್ದನೆಯದು.

ನಾನು ಎದ್ದು ನಿಂತಿದ್ದೇನೆ, ಹೆಂಗಸರು ಸೆರಗು ಎಳೆಯುತ್ತಿದ್ದಾರೆ, ಕೂಡು ಅನ್ನುತ್ತಿದ್ದಾರೆ, ಗೋಡೆಯಾಚೆ ಸೈಕಲ್ಲು, ಸೈಕಲ್ಲು ಹಿಡಿದವನು ಹಿದಾಯತ್, ಅದೇ ಖಾತೆಯಲ್ಲಿ ಕೆಲಸ ಮಾಡುವವನು, ಕೆಂಚಣ್ಣ ದಿನಾ ಹೇಳುವ ಹಿದಾಯತ್, ದೂರದಿಂದ ನೋಡಿದ್ದೆನೇ ಹೊರತು ನಾನು ಅವನ ದನಿ ಒಮ್ಮೆಯೂ ಕೇಳಿರಲಿಲ್ಲ, ದಾವಣಗೆರೆಯಿಂದ ಇಲ್ಲಿಯವರೆಗೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತುಳಿದು ತಂದಿದ್ದಾನೆ, ಅಂಗಿ ಬೆನ್ನಿಗೆ ಅಂಟಿದೆ, ಅವನ ಹಿಂದೆ ಗೋಡೆ ಹಿಡಿದು ನಿಂತವನು ನನ್ನ ಗಂಡ. ಕೂಗಿದರೆ ಕೆಮ್ಮು ಬರುತ್ತದೆಂದು ಇನ್ನೊಬ್ಬನ ಬಾಯಲ್ಲಿ ಕೂಗಿಸಿದ್ದಾನೆ. ನಾನೂ ಇನ್ನೊಬ್ಬರ ಬಾಯಲ್ಲಿ. ನನ್ನನ್ನು ನೋಡಿದ, ಕೊಟ್ರವ್ವನವರನ್ನು ನೋಡಿದ, ಅವನಿಗೆ ತಿಳಿಯಿತು, ನಾಲ್ಕಕ್ಕೆ ಸಿಗೋದನ್ನ ಇಬ್ಬರೂ ಸೇರಿ ಆರು ಮಾಡಿದ್ವಲ್ಲೇ ಎಂದು ನಗಲು ಹೋಗಿ ಮತ್ತೆ ಕೆಮ್ಮಿದ. ಎಲ್ಲರೂ ನಗುತ್ತಿದ್ದಾರೆ, ಅಯ್ಯನವರೂ ನಗುತ್ತಿದ್ದಾರೆ, ನಾನು ನಗುತ್ತಿಲ್ಲ, ನಾನು ಅವನ ಕೈ ನೋಡುತ್ತಿದ್ದೇನೆ, ಕೈಯಲ್ಲಿ ಅರಿಸಿನ ಬಟ್ಟೆ, ಗಂಟು ಬಿಚ್ಚಿದ ಬಟ್ಟೆ, ಹಿದಾಯತ್ ಅದರಿಂದ ನಾಣ್ಯ ಸುರಿದು ಕಾಣಿಕೆ ಪೆಟ್ಟಿಗೆಯವರಿಗೆ ಕೊಡುತ್ತಿದ್ದಾನೆ, ಅರಿಸಿನ ಹತ್ತಿದ ನಾಣ್ಯ, ಉಚ್ಚೆಂಗೆಮ್ಮನ ಕಾಸು. ಅವನು ಅದನ್ನು ಮುಟ್ಟಿದನಲ್ಲ. ಗುಡ್ಡ ಹತ್ತಿ ಒಪ್ಪಿಸುತ್ತೇನೆಂದ ಕಾಸನ್ನು, ತನ್ನ ಉಸಿರಿಗೆಂದು ಕಟ್ಟಿದ್ದನ್ನು. ಅಮ್ಮ ಸುಮ್ಮನಿರುತ್ತಾಳೆಯೇ, ನನಗೆ ಅವಳ ಮೇಲೆ ನಂಬಿಕೆಯಿಲ್ಲ, ಆದರೆ ಅವನಿಗಿದೆ, ಅವನಿಗಿದ್ದೂ ಬಿಚ್ಚಿದ, ನನಗೆ ಹೆದರಿಕೆಯಾಗುತ್ತಿದೆ, ಬಹಳ ಹೆದರಿಕೆಯಾಗುತ್ತಿದೆ. ಇಲ್ಲಿನ ಪೆಟ್ಟಿಗೆಯಲ್ಲಿ ಆ ನಾಣ್ಯ ಯಾರದಾಗುತ್ತದೆ. ದೇವರಿಗೋ ಮನೆಗೋ ಎಂದು ಅಜ್ಜಪ್ಪನವರು ಮತ್ತೆ ಕೇಳಿದರು, ಈ ಸಲ ಅವನನ್ನೇ. ಮೊಟ್ಟೆ ಕೂಗಿದವರೆಲ್ಲ ದೇವರಿಗೆ ಅಂದಿದ್ದಾರೆ ಇವತ್ತು. ಅವನು ನನ್ನ ಕಡೆಗೇ ನೋಡಿ, ಮನೆಗೇ ರೀ, ಅದನ್ನ ಬಿಟ್ಟು ಈಕಿಗೆ ನಿದ್ದೆ ಬರಾಕಿಲ್ಲ ಅಂದ. ತನ್ನ ಎದೆಯ ಮಾತು ಎತ್ತಲೇ ಇಲ್ಲ. ಹಾಗಾದರೆ ದೇವರ ಗುರುತು ತೆಗೆದು ಕೊಡಬೇಕು ಎಂದು ಅಜ್ಜಪ್ಪನವರು ಕೋಳಿಯನ್ನು ಮಂಡಿಯ ಮೇಲಿಟ್ಟು ಉಗುರಿನಿಂದ ಗಂಟು ಎಬ್ಬಿಸಲು ನೋಡುತ್ತಾರೆ, ಆಗುವುದಿಲ್ಲ, ಗುತ್ತೆಪ್ಪನವರು ಕಿಸೆಯಿಂದ ಚೂರಿ ತೆಗೆದು ಕೊಡುತ್ತಾರೆ, ಚೂರಿಯ ತುದಿ ದಾರದ ಕೆಳಗೆ ಹೋಗುವುದಿಲ್ಲ, ಕಾಲಿನ ಸಿಪ್ಪೆ ಅದರ ಮೇಲೆ ಬೆಳೆದುಬಿಟ್ಟಿದೆ, ಕೋಳಿ ಕಿರುಚಿತು, ಬ್ಯಾಡ ಬಿಡ್ರಿ, ನೋಯತೈತೆ ಅದಕ್ಕೆ ಎಂದ ಕೆಂಚಣ್ಣ, ಎರಡೂ ಕೈಯಿಂದ ಎತ್ತಿಕೊಂಡು ಎದೆಗೆ ಒತ್ತಿಕೊಂಡ. ನಮ್ಮ ಕೈಗೆ ಬಂತು, ದುಡ್ಡು ಕೊಟ್ಟಾಯಿತು, ಅಯ್ಯನವರೇ ತಲೆಯಾಡಿಸಿದರು, ಈಗ ಇದು ನಮ್ಮದಲ್ಲವೇ, ಯಾಕೆ ನಮ್ಮದೆನ್ನಿಸುತ್ತಿಲ್ಲ, ಅವನ ಎದೆ ಏರುತ್ತಿದೆ, ಇಳಿಯುತ್ತಿದೆ, ಅದರೊಂದಿಗೆ ಕೋಳಿಯೂ ಏರುತ್ತಿದೆ, ಇಳಿಯುತ್ತಿದೆ, ಅವನ ಮೊಣಕೈಯಿಂದ ಒಂದು ಕಾಲು ಹೊರಗೆ ಬಂದು ತೂಗುತ್ತಿದೆ, ಅಷ್ಟು ಬಿಗಿಯಾಗಿ ಕಟ್ಟಿದವಳು ನಾನೇ, ಹಲ್ಲಿನಿಂದ ಎಳೆದು, ಬಿಚ್ಚಲಾಗದ ಹಾಗೆ, ಕಾಲು ಏರುತ್ತಿದೆ, ಕಾಲು ಇಳಿಯುತ್ತಿದೆ, ಕಾಲಿನಲ್ಲಿ, ಚರ್ಮದ ಒಳಗೆ, ಕೆಂಪು ದಾರ